ಒಂದು ಮತದ ಸಂತೇಮರಹಳ್ಳಿ, ಐವತ್ತೊಂಬತ್ತು ಸಾವಿರದ ಕೊಳ್ಳೇಗಾಲ

ಮತದಾನ ಜಾಗೃತಿಯ ಭಾಷಣ ಮಾಡುವವರಿಗೆ ಚಾಮರಾಜನಗರ ಜಿಲ್ಲೆ ಒಂದು ಸಿದ್ಧ ಉದಾಹರಣೆ ಕೊಟ್ಟಿದೆ. 2004ರ ವಿಧಾನಸಭಾ ಚುನಾವಣೆ, ಸಂತೇಮರಹಳ್ಳಿ ಮೀಸಲು ಕ್ಷೇತ್ರ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಅಂತರ ಒಂದೇ ಒಂದು. ಇದಕ್ಕಿಂತ ಸಣ್ಣ ಗೆಲುವು ಇರಲು ಸಾಧ್ಯವೇ ಇಲ್ಲ. ಈ ಕಥೆಯ ಜೊತೆಗೆ ಇನ್ನೊಂದು ಮಾತೂ ಇಪ್ಪತ್ತು ವರ್ಷಗಳಿಂದ ಓಡಾಡುತ್ತಿದೆ: ಕೃಷ್ಣಮೂರ್ತಿಯವರ ಕಾರಿನ ಚಾಲಕ ಆ ದಿನ ಸುತ್ತಾಟದಲ್ಲೇ ಉಳಿದು ಮತ ಹಾಕಲು ಆಗಲಿಲ್ಲವಂತೆ, ಅದರಿಂದಲೇ ಯಜಮಾನರು ಸೋತರಂತೆ.

ಹೀಗೆ ಹೇಳುವವರು ಕೂಡುವ ಲೆಕ್ಕ ಮಾಡಿ ನೋಡಿದಂತಿಲ್ಲ. ಚಾಲಕ ಬೂತಿಗೆ ಹೋಗಿ ಯಜಮಾನರಿಗೇ ಒತ್ತಿದ್ದರೂ ಅವರ ಮತ 40,752 ಆಗುತ್ತಿತ್ತು. ಅಂದರೆ ಸಮ. ಆಗ ಮಾಡಬೇಕಾದದ್ದನ್ನು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 65ನೇ ಕಲಂ ಹೇಳುತ್ತದೆ: ಚುನಾವಣಾಧಿಕಾರಿ ಅಲ್ಲೇ ಚೀಟಿ ಎತ್ತಬೇಕು, ಯಾರ ಹೆಸರು ಬಂತೋ ಅವರಿಗೆ ಒಂದು ಮತ ಹೆಚ್ಚುವರಿಯಾಗಿ ಬಂದಂತೆ ಲೆಕ್ಕ ಹಿಡಿಯಬೇಕು. ಆ ಚಾಲಕನ ಮತದಿಂದ ಕೃಷ್ಣಮೂರ್ತಿಯವರಿಗೆ ಸಿಗುತ್ತಿದ್ದದ್ದು ಚೀಟಿಯಲ್ಲಿ ಅರ್ಧ ಅವಕಾಶ, ಅಷ್ಟೆ. ಆ ಬಡಪಾಯಿಯ ತಲೆಗೆ ಒಂದು ಸೋಲನ್ನು ಕಟ್ಟಿ ಇಷ್ಟು ವರ್ಷ ತಿರುಗಿಸಿದ್ದು ಸರಿಯಲ್ಲ ಎಂದು ನನಗಂತೂ ಅನಿಸುತ್ತದೆ.

ಆ ಒಂದು ಮತಕ್ಕಿಂತ ದೊಡ್ಡ ವಿಷಯಗಳು ಈ ಕ್ಷೇತ್ರದ ಕಥೆಯಲ್ಲಿವೆ. ಅಂದು ಒಂದು ಮತದಿಂದ ಸೋತ ಅದೇ ಕೃಷ್ಣಮೂರ್ತಿಯವರು 2023ರಲ್ಲಿ ಪಕ್ಕದ ಕೊಳ್ಳೇಗಾಲದಲ್ಲಿ 59,519 ಮತಗಳ ಅಂತರದಿಂದ ಗೆದ್ದರು. ನಡುವಿನ ಹತ್ತೊಂಬತ್ತು ವರ್ಷಗಳಲ್ಲಿ ಸಂತೇಮರಹಳ್ಳಿ ಎಂಬ ಕ್ಷೇತ್ರವೇ ನಕ್ಷೆಯಿಂದ ಹೋಯಿತು. ಒಂದರಿಂದ ಐವತ್ತೊಂಬತ್ತು ಸಾವಿರಕ್ಕೆ ಹೋಗಲು ಮತದಾರರ ಮನಸ್ಸು ಬದಲಾದರೆ ಸಾಲದು. ಕ್ಷೇತ್ರದ ಗಡಿ ಎಲ್ಲಿ ಎಳೆದಿದ್ದಾರೆ, ಕಣದಲ್ಲಿ ಮೂರನೆಯವರು ಯಾರಿದ್ದಾರೆ ಎಂಬ ಎರಡು ಸಂಗತಿಗಳು ಫಲಿತಾಂಶವನ್ನು ಎಷ್ಟು ತಿರುಗಿಸುತ್ತವೆ ಎಂಬುದಕ್ಕೆ ಈ ಸೀಮೆಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಒಂದು ಮತವನ್ನು ಎಣಿಸುವುದು ಹೇಗೆ

2004ರಲ್ಲಿ ಕರ್ನಾಟಕದಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಮತದಾನ. ಬೂತಿನೊಳಗೆ ಹೋದವರು ಎರಡು ಯಂತ್ರಗಳಲ್ಲಿ ಎರಡು ಸಲ ಗುಂಡಿ ಒತ್ತಿ ಬಂದರು. ಮೇ 13ಕ್ಕೆ ಎಣಿಕೆ. ಯಂತ್ರ ಬಂದ ಮೇಲೆ ಎಣಿಕೆಯ ಸ್ವರೂಪವೇ ಬೇರೆ. ಮತಪತ್ರದ ಕಾಲದಲ್ಲಿ ಗೆರೆ ದಾಟಿದ ಮುದ್ರೆ, ಶಾಯಿ ಹರಡಿದ ಚೀಟಿ, ಇನ್ನೊಬ್ಬರ ಕಟ್ಟಿಗೆ ಸೇರಿಹೋದ ಹಾಳೆ ಎಂದು ಏಜೆಂಟರು ಜಗಳ ತೆಗೆಯಲು ನೂರು ದಾರಿಯಿತ್ತು. ಯಂತ್ರದಲ್ಲಿ ಹಾಗಿಲ್ಲ. ಕಂಟ್ರೋಲ್ ಯೂನಿಟ್‌ನ ಫಲಿತಾಂಶದ ಗುಂಡಿಯನ್ನು ಹತ್ತು ಸಲ ಒತ್ತಿದರೂ ಅದೇ ಅಂಕಿ ಬರುತ್ತದೆ. ತಾಳೆ ನೋಡಲು ಈಗಿರುವ ವಿವಿಪ್ಯಾಟ್ ಚೀಟಿಯೂ ಆಗ ಇರಲಿಲ್ಲ. ಅದು ಮೊದಲು ಬಳಕೆಗೆ ಬಂದದ್ದೇ 2013ರಲ್ಲಿ.

ಹಾಗಾದರೆ ಅಂತರ ತೀರಾ ಕಡಿಮೆಯಾದಾಗ ತಕರಾರು ಎಲ್ಲಿ ಹುಟ್ಟುತ್ತದೆ? ಬಹುಪಾಲು ಅಂಚೆ ಮತದಲ್ಲಿ. ಚುನಾವಣಾ ಕರ್ತವ್ಯಕ್ಕೆ ಹೋದ ಶಿಕ್ಷಕರು, ಪೊಲೀಸರು, ಸೈನಿಕರು ಕಳಿಸುವ ಮತಗಳು ಇವು. ಕಾಗದದ ಮೇಲಿರುವುದರಿಂದ ತಪ್ಪಿಗೆ ಜಾಗವಿದೆ. ಜೊತೆಗೆ ಇಡಬೇಕಾದ ಘೋಷಣೆಗೆ ಸಹಿ ಇಲ್ಲ, ದೃಢೀಕರಣ ಇಲ್ಲ, ಇಬ್ಬರ ಹೆಸರಿನ ಮುಂದೆ ಗುರುತು ಬಿದ್ದಿದೆ ಎಂದರೆ ಆ ಮತ ಅಸಿಂಧು. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆಯಿದ್ದರೆ, ಫಲಿತಾಂಶ ಘೋಷಿಸುವ ಮೊದಲು ತಿರಸ್ಕೃತವಾದವನ್ನೆಲ್ಲ ಮತ್ತೊಮ್ಮೆ ಪರಿಶೀಲಿಸಬೇಕು ಎಂಬುದು ಚುನಾವಣಾ ಆಯೋಗದ ಈಗಿನ ಸೂಚನೆ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ತಡರಾತ್ರಿಯವರೆಗೆ ಎಳೆದಾಡಿದ್ದು ಇದೇ ವಿಷಯಕ್ಕೆ. ಕೊನೆಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ ಅವರು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅವರ ವಿರುದ್ಧ 16 ಮತಗಳಿಂದ ಗೆದ್ದರು.

ಇನ್ನೊಂದು ಬಗೆಯ ಮತವಿದೆ, ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ನೀವು ಬೂತಿಗೆ ಹೋದಾಗ ನಿಮ್ಮ ಹೆಸರಿನಲ್ಲಿ ಆಗಲೇ ಯಾರೋ ಮತ ಹಾಕಿಬಿಟ್ಟಿದ್ದಾರೆ ಎಂದುಕೊಳ್ಳಿ. ಅಧಿಕಾರಿಗೆ ನಿಮ್ಮ ಗುರುತು ಖಚಿತವಾದರೆ ಮತಪತ್ರ ಕೊಡುತ್ತಾರೆ, ಆದರೆ ಯಂತ್ರಕ್ಕೆ ಬಿಡುವುದಿಲ್ಲ. ಅದನ್ನು ಬೇರೆ ಲಕೋಟೆಯಲ್ಲಿಟ್ಟು ಮುಚ್ಚುತ್ತಾರೆ. ಟೆಂಡರ್ ಮತ ಎನ್ನುವುದು ಇದಕ್ಕೇ. ಎಣಿಕೆಯ ದಿನ ಆ ಲಕೋಟೆ ತೆರೆಯುವುದಿಲ್ಲ. ಸೋತವರು ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಿದರೆ ಮಾತ್ರ, ನ್ಯಾಯಾಲಯ ಬೇಕೆಂದರೆ ಅದಕ್ಕೆ ಬೆಲೆ ಬರುತ್ತದೆ. ಸಾವಿರಗಳ ಅಂತರದಲ್ಲಿ ಈ ಲಕೋಟೆಗಳನ್ನು ಕೇಳುವವರಿಲ್ಲ. ಒಂದೆರಡು ಮತದ ಅಂತರವಾದರೆ ಅವೇ ಚಿನ್ನ.

ಅಂದಹಾಗೆ, 2004ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58. ಸಂತೇಮರಹಳ್ಳಿಯಲ್ಲಿ ಒಂದು ಮತಕ್ಕೆ ಗುದ್ದಾಡಿದ ಎರಡು ಪಕ್ಷಗಳೇ ಎಣಿಕೆಯಾದ ಹದಿನೈದು ದಿನಕ್ಕೆ ಧರ್ಮಸಿಂಗ್ ಅವರನ್ನು ಮುಖ್ಯಮಂತ್ರಿ ಮಾಡಿ ಒಟ್ಟಿಗೆ ಸರ್ಕಾರ ನಡೆಸಿದವು. ಹಳ್ಳಿಗಳಲ್ಲಿ ಬೂತ್ ಏಜೆಂಟರಾಗಿ ಕೂತು ಹಗೆ ಕಟ್ಟಿಕೊಂಡವರ ಪಾಡು ಏನಾಗಿರಬೇಕು!

ಕ್ಷೇತ್ರ ಮಾಯವಾದದ್ದು

2008ರ ಚುನಾವಣೆ ಬರುವ ಹೊತ್ತಿಗೆ ಸಂತೇಮರಹಳ್ಳಿ ಎಂಬ ವಿಧಾನಸಭಾ ಕ್ಷೇತ್ರ ಇರಲಿಲ್ಲ. ಊರು ಇದ್ದಲ್ಲೇ ಇದೆ, ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರ. ಹೋದದ್ದು ಕ್ಷೇತ್ರ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗ ಗಡಿಗಳನ್ನು ಹೊಸದಾಗಿ ಎಳೆದಿತ್ತು. ಆ ಹೊಸ ನಕ್ಷೆಯ ಮೇಲೆ ದೇಶದಲ್ಲಿ ಮೊದಲು ಚುನಾವಣೆ ನಡೆದದ್ದು ಕರ್ನಾಟಕದಲ್ಲೇ.

ಯಾಕೆ ಹೋಯಿತು ಎಂದು ಕೇಳಿದರೆ ಊರಲ್ಲಿ ರಾಜಕೀಯ ಕಾರಣಗಳನ್ನು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಲೆಕ್ಕ ತೀರಾ ಸರಳ, ಕಾಗದ-ಪೆನ್ನು ಇದ್ದರೆ ಸಾಕು. 2001ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ ಸುಮಾರು 5.28 ಕೋಟಿ. ಒಟ್ಟು ಕ್ಷೇತ್ರಗಳ ಸಂಖ್ಯೆ 224, ಅದನ್ನು ಹೆಚ್ಚಿಸುವ ಹಾಗಿರಲಿಲ್ಲ. ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 2.36 ಲಕ್ಷ ಜನ. ಆಯೋಗ ಜಿಲ್ಲೆಯನ್ನು ಘಟಕವಾಗಿ ಹಿಡಿದು ಯಾವ ಜಿಲ್ಲೆಗೆ ಎಷ್ಟು ಎಂದು ಹಂಚಿತು. ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 9.65 ಲಕ್ಷ. 2.36ರಿಂದ ಭಾಗಿಸಿ: 4.09. ಅಂದರೆ ನಾಲ್ಕು ಕ್ಷೇತ್ರ. ಅಲ್ಲಿಯವರೆಗೆ ಜಿಲ್ಲೆಯಲ್ಲಿ ಇದ್ದದ್ದು ಐದು: ಹನೂರು, ಕೊಳ್ಳೇಗಾಲ, ಸಂತೇಮರಹಳ್ಳಿ, ಚಾಮರಾಜನಗರ, ಗುಂಡ್ಲುಪೇಟೆ. ಒಂದು ಹೋಗಲೇಬೇಕಿತ್ತು.

ಹೋದ ಕ್ಷೇತ್ರ ಎಲ್ಲಿಗೆ ಸೇರಿತು? ಬೆಂಗಳೂರಿಗೆ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಆಗ 65.37 ಲಕ್ಷ, ಅದನ್ನೂ ಹೀಗೇ ಭಾಗಿಸಿದರೆ 27.7. ರಾಜಧಾನಿಗೆ ಇಂದು ಇರುವ 28 ಕ್ಷೇತ್ರಗಳ ಮೂಲ ಇದು. ಹಳೆಯ ನಕ್ಷೆಗೆ ಆಧಾರ 1971ರ ಜನಗಣತಿ. ಆ ಮೂವತ್ತು ವರ್ಷಗಳಲ್ಲಿ ಹಳೇ ಮೈಸೂರಿನ ಹಳ್ಳಿಗಳಿಂದ ಬೆಂಗಳೂರಿಗೆ ಬಸ್ಸು ಹತ್ತಿದವರೆಲ್ಲ ತಮ್ಮ ಜೊತೆಗೆ ತಮ್ಮ ಕ್ಷೇತ್ರದ ಒಂದೊಂದು ತುಣುಕನ್ನೂ ಒಯ್ದಿದ್ದರು. ಆಯೋಗ ಅದನ್ನು ಲೆಕ್ಕಕ್ಕೆ ತಂದಿತು ಅಷ್ಟೆ. ಇದೇ ಏಟಿಗೆ ಮೈಸೂರು ಜಿಲ್ಲೆಯ ಬನ್ನೂರು ಹೋಯಿತು, ಮಂಡ್ಯದ ಕಿರುಗಾವಲು ಹೋಯಿತು, ಡಿ.ಕೆ. ಶಿವಕುಮಾರ್ ಅವರ ಸಾತನೂರೂ ಹೋಯಿತು.

ಸಂತೇಮರಹಳ್ಳಿ ಹೋಬಳಿ, ಯಳಂದೂರು ತಾಲ್ಲೂಕು, ಕೊಳ್ಳೇಗಾಲ ತಾಲ್ಲೂಕಿನ ಒಂದು ಭಾಗ ಸೇರಿ ಈಗಿನ 222ನೇ ಕ್ಷೇತ್ರ ಕೊಳ್ಳೇಗಾಲ ಆಯಿತು. ಒಂದೇ ಜಿಲ್ಲೆಯ ನೆರೆಹೊರೆ ಎಂದು ಮೇಲ್ನೋಟಕ್ಕೆ ಅನಿಸುತ್ತದೆ, ಆದರೆ ಇತಿಹಾಸ ಹಾಗಿಲ್ಲ. ಯಳಂದೂರು ದಿವಾನ್ ಪೂರ್ಣಯ್ಯನವರ ಮನೆತನಕ್ಕೆ ಜಹಗೀರಾಗಿದ್ದ, ಮೈಸೂರು ಸಂಸ್ಥಾನದ ಸೀಮೆ. ಕೊಳ್ಳೇಗಾಲವೋ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಕೊಳ್ಳೇಗಾಲದವರು ಮತ ಹಾಕಿದ್ದು ಮದರಾಸಿನ ವಿಧಾನಸಭೆಗೆ. ಕೆಲವೇ ಮೈಲಿ ಆಚೆಯ ಯಳಂದೂರಿನವರು ಹಾಕಿದ್ದು ಬೆಂಗಳೂರಿನ ವಿಧಾನಸಭೆಗೆ. ಇಂದು ರೇಷ್ಮೆ ನೇಯುವ ಕೊಳ್ಳೇಗಾಲ ಪಟ್ಟಣ, ಕಬ್ಬು-ಭತ್ತದ ಬಯಲು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳು ಎಲ್ಲವೂ ಒಬ್ಬರೇ ಶಾಸಕರನ್ನು ಆರಿಸುತ್ತವೆ.

ಹಳೆಯ ಎರಡೂ ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲಾಗಿದ್ದವು. ರಾಜ್ಯದಲ್ಲಿ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳು 33ರಿಂದ 36ಕ್ಕೆ ಏರಿದ ಅದೇ ಹೊತ್ತಿಗೆ ಚಾಮರಾಜನಗರ ಜಿಲ್ಲೆಯಲ್ಲಿ ಎರಡಿದ್ದದ್ದು ಒಂದಾಯಿತು. ಎರಡು ಕ್ಷೇತ್ರಗಳಲ್ಲಿ ಬೆಳೆದಿದ್ದ ನಾಯಕರೆಲ್ಲ ಒಂದೇ ಟಿಕೆಟ್‌ಗೆ ಮುಗಿಬೀಳುವಂತಾಯಿತು. ಹಿಮಾಚಲ ಪ್ರದೇಶ ಮತ್ತು ಕೇರಳದ ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಮಗ ಕೃಷ್ಣಮೂರ್ತಿ, ಅವರನ್ನು ಸೋಲಿಸಿದ ಧ್ರುವನಾರಾಯಣ, ಕೊಳ್ಳೇಗಾಲದ ಕಡೆಯಿಂದ ಎಸ್. ಜಯಣ್ಣ, ಜಿ.ಎನ್. ನಂಜುಂಡಸ್ವಾಮಿ, 2004ರಲ್ಲಿ ಪಕ್ಷೇತರರಾಗಿ ಗೆದ್ದಿದ್ದ ಎಸ್. ಬಾಲರಾಜ್. ಈ ಹೆಸರುಗಳು ಮುಂದಿನ ಹದಿನೈದು ವರ್ಷ ಪಕ್ಷ ಬದಲಿಸುತ್ತ ಒಬ್ಬರಿಗೊಬ್ಬರು ಎದುರಾಗುವುದರ ಹಿಂದೆ ಅಧಿಕಾರದಾಸೆ ಇತ್ತೆನ್ನಿ. ಜಾಗ ಕಿರಿದಾಗಿತ್ತು ಎಂಬುದೂ ಅಷ್ಟೇ ನಿಜ.

ಮೂರನೆಯವರ ಲೆಕ್ಕ

ಮೊದಲು ಹಳೆಯ ಜೋಡಿಯ ಕಥೆ ಮುಗಿಸೋಣ. 2008ರಲ್ಲಿ ಹೊಸ ಕೊಳ್ಳೇಗಾಲದಿಂದ ಗೆದ್ದವರು ಧ್ರುವನಾರಾಯಣ. ಮರುವರ್ಷವೇ ಚಾಮರಾಜನಗರ ಲೋಕಸಭೆಗೆ ನಿಂತರು. ಎದುರಾಳಿ ಬಿಜೆಪಿಯಿಂದ ಯಾರು? ಕೃಷ್ಣಮೂರ್ತಿ. ಈ ಸಲ ಸೋಲಿನ ಅಂತರ ಸುಮಾರು 4,000. 2014ರಲ್ಲಿ ಮತ್ತೆ ಅದೇ ಇಬ್ಬರು, ಅಂತರ ಸುಮಾರು 1.41 ಲಕ್ಷ. ಒಂದು, ನಾಲ್ಕು ಸಾವಿರ, ಒಂದೂಕಾಲು ಲಕ್ಷಕ್ಕೂ ಹೆಚ್ಚು. ಒಬ್ಬರ ಕೈಲೇ ಮೂರು ಸಲ. 2018ರ ಹೊತ್ತಿಗೆ ಕೃಷ್ಣಮೂರ್ತಿಯವರು ಧ್ರುವನಾರಾಯಣ ಅವರಿದ್ದ ಕಾಂಗ್ರೆಸ್ಸಿನಿಂದಲೇ ಕೊಳ್ಳೇಗಾಲದ ಅಭ್ಯರ್ಥಿ. ಸಣ್ಣ ಅಂತರ ಧ್ರುವನಾರಾಯಣ ಅವರನ್ನೂ ಬಿಡಲಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಅವರು ವಿ. ಶ್ರೀನಿವಾಸ ಪ್ರಸಾದ್ ಅವರಿಗೆ ಸೋತದ್ದು 1,817 ಮತಗಳಿಂದ, ಹನ್ನೊಂದು ಲಕ್ಷಕ್ಕೂ ಹೆಚ್ಚು ಮತಗಳನ್ನು ಅವರಿಬ್ಬರೇ ಹಂಚಿಕೊಂಡ ಕಣದಲ್ಲಿ.

ಈಗ 2018ರ ಕೊಳ್ಳೇಗಾಲ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸರ್ಕಾರಿ ಅಧಿಕಾರಿಯ ಕೆಲಸ ಬಿಟ್ಟು ಬಹುಜನ ಚಳವಳಿಗೆ ಬಂದ ಎನ್. ಮಹೇಶ್ ಈ ಸೀಮೆಯ ಕೇರಿಕೇರಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದವರು, ಸೋತು ಸೋತು ಹಣ್ಣಾದವರು. ಆ ವರ್ಷ ಅವರ ಪಕ್ಷ ಬಿಎಸ್‌ಪಿ ಜೆಡಿಎಸ್ ಜೊತೆ ಮೈತ್ರಿ ಮಾಡಿಕೊಂಡಿತು. ಹಾಗಾಗಿ ಕೊಳ್ಳೇಗಾಲದಲ್ಲಿ ತೆನೆ ಹೊತ್ತ ಮಹಿಳೆಯ ಗುರುತು ಇರಲಿಲ್ಲ, ಆ ಮತವೂ ಆನೆಗೆ ಬರುವ ದಾರಿ ತೆರೆಯಿತು. ಮಹೇಶ್ ಅವರಿಗೆ 71,792, ಕಾಂಗ್ರೆಸ್ಸಿನ ಕೃಷ್ಣಮೂರ್ತಿಯವರಿಗೆ 52,338, ಬಿಜೆಪಿಯ ನಂಜುಂಡಸ್ವಾಮಿ ಅವರಿಗೆ ಹತ್ತಿರಹತ್ತಿರ 40 ಸಾವಿರ. ಗೆಲುವಿನ ಅಂತರ 19,454. ರಾಜ್ಯದಲ್ಲಿ ಬಿಎಸ್‌ಪಿ ಆ ಸಲ ಗೆದ್ದ ಏಕೈಕ ಕ್ಷೇತ್ರ ಇದು. ಮಹೇಶ್ ಶಿಕ್ಷಣ ಸಚಿವರೂ ಆದರು, ನಾಲ್ಕೇ ತಿಂಗಳಿಗೆ ರಾಜೀನಾಮೆಯನ್ನೂ ಕೊಟ್ಟರು.

ಮೇಲಿನ ಮೂರು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಸೋತ ಇಬ್ಬರ ಮತ ಕೂಡಿದರೆ 92 ಸಾವಿರ ದಾಟುತ್ತದೆ, ಗೆದ್ದವರದ್ದು 72 ಸಾವಿರದ ಒಳಗೆ. ನಮ್ಮ ಪದ್ಧತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬೇಕಿಲ್ಲ, ಎಲ್ಲರಿಗಿಂತ ಒಂದು ಹೆಚ್ಚಿದ್ದರೆ ಸಾಕು. ಸಂತೇಮರಹಳ್ಳಿಯ ಒಂದು ಮತವನ್ನು ಗೆಲುವಾಗಿಸಿದ ನಿಯಮವೂ ಇದೇ. ಇಂಥ ಪದ್ಧತಿಯಲ್ಲಿ ನಿಮ್ಮ ಮತ ಬೆಳೆಯುವುದು ಎಷ್ಟು ಮುಖ್ಯವೋ, ನಿಮಗೆ ಬೀಳದ ಮತ ಎಷ್ಟು ಪಾಲಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಅನುಭವಿ ಕಾರ್ಯಕರ್ತರು ಚುನಾವಣೆಗೆ ತಿಂಗಳಿರುವಾಗ ಕೇಳುವ ಮೊದಲ ಪ್ರಶ್ನೆ ‘ನಮ್ಮ ಮತ ಎಷ್ಟು’ ಎಂದಲ್ಲ, ‘ಮೂರನೆಯವರು ಯಾರ ಮತ ಕೀಳುತ್ತಾರೆ’ ಎಂದು.

ಮೀಸಲು ಕ್ಷೇತ್ರದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಸುತ್ತು ಇದೆ. ಮೀಸಲಾತಿ ಇರುವುದು ಅಭ್ಯರ್ಥಿಗೆ, ಮತದಾರರಿಗಲ್ಲ. ಕಣದಲ್ಲಿರುವವರೆಲ್ಲ ದಲಿತರೇ, ಮತ ಹಾಕುವವರು ಎಲ್ಲರೂ. ದಲಿತ ಮತ ಅಭ್ಯರ್ಥಿಗಳ ನಡುವೆ ಹಂಚಿಹೋದರೆ ಲಿಂಗಾಯತರು, ನಾಯಕರು, ಉಪ್ಪಾರರು, ಕುರುಬರು ಯಾರ ಕಡೆ ವಾಲುತ್ತಾರೆ ಎಂಬುದರ ಮೇಲೆ ಗೆಲುವು ನಿಲ್ಲುತ್ತದೆ. ಹಾಗಾಗಿ ದಲಿತರ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತುವ ದಲಿತ ನಾಯಕನಿಗೆ ಮೀಸಲು ಕ್ಷೇತ್ರವೇ ಕಷ್ಟದ ನೆಲವಾಗುವುದುಂಟು. ಮೀಸಲು ಕ್ಷೇತ್ರಗಳ ಬಗ್ಗೆ ಅಂಬೇಡ್ಕರ್ ಅವರಿಗೆ ಇದ್ದ ಹಳೆಯ ಅಸಮಾಧಾನವೂ ಇದೇ. 2018ರ ಗೆಲುವು ದೊಡ್ಡದಾಗಿ ಕಂಡದ್ದು ಅದಕ್ಕೇ: ಚಳವಳಿಯಿಂದ ಬಂದವರೊಬ್ಬರು, ಮೈತ್ರಿಯ ನೆರವಿನಿಂದಲೇ ಆದರೂ, ಆ ಕಟ್ಟನ್ನು ದಾಟಿದ್ದರು.

ಮುಂದಿನದು ಎಲ್ಲರೂ ನೋಡಿದ್ದೇ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99-105ರಲ್ಲಿ ವಿಶ್ವಾಸಮತ ಸೋತಾಗ ಮಹೇಶ್ ಸದನದಲ್ಲಿರಲಿಲ್ಲ. ಬಿಎಸ್‌ಪಿ ನಾಯಕಿ ಮಾಯಾವತಿ ಮಹೇಶ್ ಅವರನ್ನು ಪಕ್ಷದಿಂದ ಉಚ್ಚಾಟಿಸಿದರು. 2021ರ ಆಗಸ್ಟ್‌ನಲ್ಲಿ ಅವರು ಬಿಜೆಪಿ ಸೇರಿದರು.

2023ರಲ್ಲಿ ಕೃಷ್ಣಮೂರ್ತಿ ಮತ್ತು ಮಹೇಶ್ ಮತ್ತೆ ಎದುರುಬದುರು, ಮಹೇಶ್ ಕೈಯಲ್ಲಿ ಈಗ ಕಮಲ. ಬಿಜೆಪಿಯ ಹಳೆಯ ನಲವತ್ತು ಸಾವಿರಕ್ಕೆ ಮಹೇಶ್ ಅವರ ಸ್ವಂತ ಮತ ಸೇರಿದರೆ ಗೆಲುವು ಸುಲಭ ಎಂದು ಕಾಗದದ ಮೇಲೆ ತೋರುತ್ತಿತ್ತು. ಬಂದದ್ದು 48,844. ಪಕ್ಷದ ಹಿಂದಿನ ಮತಕ್ಕೆ ಹೆಚ್ಚಿಗೆ ಸೇರಿದ್ದು ಒಂಬತ್ತು ಸಾವಿರದ ಆಸುಪಾಸು. 2018ರಲ್ಲಿ ಆನೆಗೆ ಒತ್ತಿದ್ದ 71 ಸಾವಿರದಲ್ಲಿ ಬಹುಪಾಲು ಅವರ ಹಿಂದೆ ಬರಲಿಲ್ಲ ಎಂದು ಓದಬೇಕು. ಕೃಷ್ಣಮೂರ್ತಿಯವರಿಗೆ 1,08,363. ಐದು ವರ್ಷ ಹಿಂದಿನ ಅವರದೇ ಮತಕ್ಕಿಂತ ದುಪ್ಪಟ್ಟು. ರಾಜ್ಯದಲ್ಲಿ ಕಾಂಗ್ರೆಸ್ ಪರ ಗಾಳಿ ಇತ್ತು, ಒಪ್ಪೋಣ. 135 ಕ್ಷೇತ್ರ ಗೆದ್ದ ವರ್ಷ ಅದು. ಚುನಾವಣೆಗೆ ಎರಡು ತಿಂಗಳಿರುವಾಗ ಧ್ರುವನಾರಾಯಣ ತೀರಿಕೊಂಡದ್ದರ ನೋವೂ ಈ ಭಾಗದಲ್ಲಿ ಹಸಿಯಾಗಿತ್ತು. ಅವರ ಮಗ ದರ್ಶನ್ ನಂಜನಗೂಡಿನಲ್ಲಿ ಗೆದ್ದರು. ಆದರೆ ಗಾಳಿಯೊಂದೇ ಅಂತರವನ್ನು 59 ಸಾವಿರಕ್ಕೆ ಒಯ್ಯುವುದಿಲ್ಲ. 2018ರಲ್ಲಿ ಮೂರು ಪಾಲಾದ ಮತ ಈ ಸಲ ಎರಡೇ ಪಾಲಾಯಿತು, ಅದರಲ್ಲೂ ದೊಡ್ಡ ಪಾಲು ಒಂದೇ ಕಡೆ ಬಿತ್ತು. ಗಟ್ಟಿ ಮೂರನೆಯವರು ಕಣದಲ್ಲಿ ಇರಲಿಲ್ಲ.

ಮಹೇಶ್ ಅವರು ಸೋತದ್ದಕ್ಕೆ ಪಕ್ಷಾಂತರಕ್ಕೆ ಜನ ಕೊಟ್ಟ ಶಿಕ್ಷೆ ಎಂದು ಷರಾ ಬರೆಯುವವರಿದ್ದಾರೆ. ನನಗೆ ಆ ಮಾತಿನಲ್ಲಿ ಅಷ್ಟು ನಂಬಿಕೆಯಿಲ್ಲ. ಅವರೆದುರು ಗೆದ್ದವರೂ ಜೆಡಿಎಸ್, ಬಿಜೆಪಿ, ಕಾಂಗ್ರೆಸ್ ಮೂರರಿಂದಲೂ ನಿಂತವರೇ. ಈ ಸೀಮೆಯ ಮತದಾರ ಪಕ್ಷ ಬಿಟ್ಟವರನ್ನು ಸಹಿಸುತ್ತಾನೆ. ಆನೆಯ ಗುರುತಿಗಾಗಿ ದುಡಿದ ಕೇರಿಯ ಹುಡುಗರನ್ನು ಕಮಲದ ಬಾವುಟ ಹಿಡಿಯಿರಿ ಎಂದದ್ದನ್ನು ಸಹಿಸಲಿಲ್ಲ, ಅಷ್ಟೆ.

ಮುಂದಿನ ಭಾಗಾಕಾರ

ಕ್ಷೇತ್ರಗಳ ಒಟ್ಟು ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಟ್ಟಬಾರದು ಎಂದು ಸಂವಿಧಾನದ 84ನೇ ತಿದ್ದುಪಡಿ ತಡೆ ಹಾಕಿದೆ. ಮುಂದಿನ ಜನಗಣತಿಯ ಗೊತ್ತುಪಡಿಸಿದ ದಿನ 2027ರ ಮಾರ್ಚ್ 1. ಅಂದರೆ ನಕ್ಷೆಗೆ ಮತ್ತೆ ಕೈ ಹಚ್ಚುವ ಕಾಲ ದೂರವಿಲ್ಲ.

ಕೈಗೆ ಸಿಗುವ ಅಂಕಿ 2011ರದ್ದು. ಚಾಮರಾಜನಗರ ಜಿಲ್ಲೆ ಆ ಹತ್ತು ವರ್ಷದಲ್ಲಿ ಬೆಳೆದದ್ದು 9.65 ಲಕ್ಷದಿಂದ 10.2 ಲಕ್ಷಕ್ಕೆ. ಬೆಂಗಳೂರು ನಗರ 65 ಲಕ್ಷದಿಂದ 96 ಲಕ್ಷಕ್ಕೆ. ರಾಜ್ಯದ 6.11 ಕೋಟಿಯನ್ನು 224ರಿಂದ ಭಾಗಿಸಿದರೆ ಕ್ಷೇತ್ರಕ್ಕೆ ಸುಮಾರು 2.73 ಲಕ್ಷ. ಆ ಅಳತೆಯಲ್ಲಿ ಬೆಂಗಳೂರಿಗೆ 35 ಕ್ಷೇತ್ರ ಬರುತ್ತದೆ, ಚಾಮರಾಜನಗರಕ್ಕೆ 3.74. ನಾಲ್ಕು ಎಂದು ಹಿಡಿಯಬಹುದು, ಸದ್ಯಕ್ಕೆ. ವಿಧಾನಸಭೆಯ ಒಟ್ಟು ಸ್ಥಾನ ಹೆಚ್ಚಿಸಿದರೆ ಲೆಕ್ಕ ಬೇರೆ. 224 ಹಾಗೇ ಉಳಿದು, ಹೊಸ ಗಣತಿಯಲ್ಲಿ ಜಿಲ್ಲೆಯ ಪಾಲು ಮೂರೂವರೆಗಿಂತ ಕೆಳಗೆ ಇಳಿದರೆ, ಹನೂರು, ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆ ನಾಲ್ಕರಲ್ಲಿ ಒಂದು ಹೆಸರನ್ನು ಪಟ್ಟಿಯಿಂದ ತೆಗೆಯಬೇಕಾಗುತ್ತದೆ.